ಉಳಿದ ರೊಟ್ಟಿ, ಒಣಗಿದ ರೊಟ್ಟಿ: ಅಡಿಗೆ ಮನೆಯಿಂದ ಕೊಟ್ಟಿಗೆಯವರೆಗೆ

ಬೀದರದಿಂದ ಹಾವೇರಿಯವರೆಗೆ ಜೋಳ ಬೆಳೆಯುವ ಸೀಮೆಯಲ್ಲಿ ಬೆಳಗಿನ ಒಲೆ ಹೊತ್ತುವುದೇ ರೊಟ್ಟಿಗಾಗಿ. ಹೊಲಕ್ಕೆ ಹೋಗುವವರ ಬುತ್ತಿ, ಮನೆಯವರ ಮಧ್ಯಾಹ್ನದ ಊಟ, ಆಳುಗಳ ಪಾಲು ಇವನ್ನೆಲ್ಲ ಲೆಕ್ಕ ಹಾಕಿ ಒಂದೇ ಸಲ ಬಡಿದು ಬುಟ್ಟಿ ತುಂಬುವುದು ರೂಢಿ. ಆಳು ಬಾರದಿದ್ದರೆ ಅಥವಾ ಸಂಜೆ ಅನ್ನ ಮಾಡಿದರೆ ಬುಟ್ಟಿಯಲ್ಲಿ ಎರಡು ಮೂರು ರೊಟ್ಟಿ ಉಳಿಯುತ್ತವೆ. ಮರುದಿನ ಅವು ಬಿರುಸಾಗುತ್ತವೆ. ಮನೆಯಲ್ಲಿ ಹಿರಿಯರಿದ್ದರೆ ಮಜ್ಜಿಗೆಯಲ್ಲಿ ಮುರಿದುಕೊಂಡು ತಿನ್ನುತ್ತಾರೆ. ಇಲ್ಲದಿದ್ದರೆ ನಾಯಿಗೋ ತಿಪ್ಪೆಗೋ ಸೇರುತ್ತವೆ.

ಎರಡು ರೊಟ್ಟಿ ಎಂದರೆ ಎಷ್ಟು ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಒಂದು ಸಾಧಾರಣ ರೊಟ್ಟಿಗೆ 60 ಗ್ರಾಂ ಹಿಟ್ಟು ಎಂದಿಟ್ಟುಕೊಂಡರೆ ದಿನಕ್ಕೆ 120 ಗ್ರಾಂ, ವರ್ಷಕ್ಕೆ ಸುಮಾರು 44 ಕಿಲೋ ಜೋಳ ಆಗುತ್ತದೆ. ಮಳೆ ನಂಬಿದ ಹಿಂಗಾರಿ ಹೊಲದಲ್ಲಿ ಎಕರೆಗೆ 4 ಕ್ವಿಂಟಲ್ ಬಂದರೆ ಗುಂಟೆಗೆ 10 ಕಿಲೋ ಬಂದಂತೆ. ಅಂದರೆ ನಾಲ್ಕು ಗುಂಟೆಗೂ ಹೆಚ್ಚು ನೆಲವನ್ನು ಹರಗಿ, ಬಿತ್ತಿ, ಕಳೆ ತೆಗೆದು, ಹಕ್ಕಿ ಕಾಯ್ದು, ಕೊಯ್ದು, ರಾಶಿ ಮಾಡಿದ ಫಲ ತಿಪ್ಪೆಗೆ ಹೋಗುತ್ತದೆ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಸಸಾರಜನಕವೂ 350 ಕ್ಯಾಲೊರಿಯಷ್ಟು ಶಕ್ತಿಯೂ ಇರುತ್ತದೆ. ರೊಟ್ಟಿ ಬಿರುಸಾದ ಮಾತ್ರಕ್ಕೆ ಇವು ಎಲ್ಲಿಯೂ ಹೋಗುವುದಿಲ್ಲ.

ರೊಟ್ಟಿ ಬಿರುಸಾಗುವುದೇಕೆ?

ನೀರು ಆರಿ ಹೋಗುವುದರಿಂದ ರೊಟ್ಟಿ ಬಿರುಸಾಗುತ್ತದೆ ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಇದು ಅರ್ಧ ಮಾತ್ರ ನಿಜ. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿಟ್ಟ ರೊಟ್ಟಿಯಿಂದ ಹೆಚ್ಚು ನೀರು ಹೋಗಿರುವುದಿಲ್ಲ, ಆದರೂ ಬೆಳಗಾಗುವುದರಲ್ಲಿ ಅದು ಗಟ್ಟಿಯಾಗಿರುತ್ತದೆ. ಗೋಧಿಯಲ್ಲಿರುವಂತಹ ಅಂಟು ಜೋಳದಲ್ಲಿ ಇಲ್ಲ. ಅದಕ್ಕಾಗಿಯೇ ಕುದಿಯುವ ಎಸರನ್ನು ಹಿಟ್ಟಿಗೆ ಹಾಕಿ ನಾದುವುದು. ಎಸರಿನ ಬಿಸಿಗೆ ಹಿಟ್ಟಿನ ಪಿಷ್ಟ ಉಬ್ಬಿ ಜಿಗಿ ಬರುತ್ತದೆ. ಹಂಚಿನ ಮೇಲೆ ಅದು ಪೂರ್ತಿ ಬೇಯುತ್ತದೆ. ಆರುತ್ತ ಬಂದಂತೆ ಇದೇ ಪಿಷ್ಟದ ಎಳೆಗಳು ಮತ್ತೆ ಒತ್ತೊತ್ತಾಗಿ ಕೂಡಿಕೊಳ್ಳುತ್ತವೆ. ರೊಟ್ಟಿ ಸೆಡೆಯುವುದು ಇದರಿಂದ. ಹಂಚಿನ ಮೇಲೆ ತುಸು ನೀರು ಚಿಮುಕಿಸಿ ಬಿಸಿ ಮಾಡಿದರೆ ಎಳೆಗಳು ಸಡಿಲಗೊಂಡು ರೊಟ್ಟಿ ಮತ್ತೆ ಮೆತ್ತಗಾಗುತ್ತದೆ. ಆದರೆ ಅದನ್ನು ಕೂಡಲೇ ತಿನ್ನಬೇಕು. ಎರಡನೆಯ ಸಲ ಆರಿದ ರೊಟ್ಟಿ ಮೊದಲಿಗಿಂತಲೂ ಬಿರುಸು.

ಫ್ರಿಜ್ ಇರುವ ಮನೆಗಳಲ್ಲಿ ಉಳಿದ ರೊಟ್ಟಿ, ಚಪಾತಿ, ಬ್ರೆಡ್ಡುಗಳನ್ನು ಅದರಲ್ಲಿಡುವ ಅಭ್ಯಾಸ ಬಂದಿದೆ. ಅಲ್ಲಿಯ ತಂಪಿಗೆ ಬೂಷ್ಟು ತಡವಾಗಿ ಬರುತ್ತದೆ ಎಂಬುದು ಸರಿ, ಆದರೆ ಮೇಲೆ ಹೇಳಿದ ಸೆಡೆತ ಆ ತಂಪಿನಲ್ಲಿ ಇನ್ನೂ ಬೇಗನೆ ಆಗುತ್ತದೆ. ಜೋಳದ ರೊಟ್ಟಿಗಂತೂ ಫ್ರಿಜ್ಜಿಗಿಂತ ಬಿಸಿಲೇ ಲೇಸು.

ಹಿಟ್ಟಿನ ಗುಣವೂ ಇಲ್ಲಿ ಮುಖ್ಯ. ಎಂ.35-1 ಎಂಬ ಮಾಲದಂಡಿ ಜೋಳದ ರೊಟ್ಟಿ ಮರುದಿನವೂ ತಿನ್ನಲು ಯೋಗ್ಯವಾಗಿರುತ್ತದೆ ಎಂದು ಗೃಹಿಣಿಯರು ಹೇಳುವುದುಂಟು. ಬೀಸಿ ತಿಂಗಳಾದ ಹಿಟ್ಟಿಗೆ ಜಿಗಿ ಕಡಿಮೆ. ಅದರ ರೊಟ್ಟಿ ಬಡಿಯುವಾಗಲೇ ಅಂಚು ಸೀಳುತ್ತದೆ, ಸಂಜೆಗೆ ಹಪ್ಪಳದಂತಾಗುತ್ತದೆ. ರೊಟ್ಟಿ ಪದೇ ಪದೇ ಉಳಿಯುವ ಮನೆಯಲ್ಲಿ ಮೊದಲು ಹಿಟ್ಟಿನ ಡಬ್ಬಿಯನ್ನು ನೋಡುವುದು ಉಚಿತ.

ಉಳಿದದ್ದನ್ನು ಅದೇ ದಿನ ಒಣಗಿಸುವುದು

ಉಳಿದ ರೊಟ್ಟಿಯನ್ನು ಕಾಪಾಡುವ ಉತ್ತಮ ಉಪಾಯ ಉತ್ತರ ಕರ್ನಾಟಕದ ಮನೆಗಳಿಗೆ ಹೊಸದೇನಲ್ಲ. ಸಂಕ್ರಾಂತಿಯ ಭೋಗಿಗೆ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಯನ್ನು ಮುಂಚಿತವಾಗಿ ಮಾಡಿ ಕಟಕಾಗಿಸಿ ಇಡುತ್ತಾರೆ. ನಾಗರ ಪಂಚಮಿಗೆ ಮೊದಲು ಬರುವ ರೊಟ್ಟಿ ಹಬ್ಬದಲ್ಲಿ ಮನೆಯಿಂದ ಮನೆಗೆ ರೊಟ್ಟಿ, ಕಾಳು ಪಲ್ಯಗಳು ಓಡಾಡುತ್ತವೆ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಲಕ್ಷಗಟ್ಟಲೆ ಒಣ ರೊಟ್ಟಿ ಬರುವುದು ಎಲ್ಲರಿಗೂ ತಿಳಿದದ್ದೇ. ಹಬ್ಬಕ್ಕೆ ಮಾಡುವ ಈ ಕೆಲಸವನ್ನು ದಿನದಿನದ ಉಳಿಕೆಗೂ ಮಾಡಬಹುದು. ಆದರೆ ಮೂರು ದಿನದ ರೊಟ್ಟಿ ಕೂಡಿದ ಮೇಲೆ ಒಟ್ಟಿಗೆ ಒಣಗಿಸೋಣವೆಂದು ಕಾಯಬಾರದು. ಮೆತ್ತನೆಯ ರೊಟ್ಟಿಯ ತೂಕದಲ್ಲಿ ಸುಮಾರು ಮೂರರಲ್ಲೊಂದು ಪಾಲು ನೀರೇ. ಅಷ್ಟು ತೇವದಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಎರಡನೆಯ ದಿನಕ್ಕೇ ಬೂಷ್ಟಿನ ಬೀಜಗಳು ಮೊಳೆಯತೊಡಗುತ್ತವೆ. ಕಣ್ಣಿಗೆ ಕಾಣುವುದು ಮೂರನೆಯ ದಿನ.

ಮಧ್ಯಾಹ್ನದ ಊಟವಾದ ಕೂಡಲೇ ಉಳಿದ ರೊಟ್ಟಿಗಳನ್ನು ಬುಟ್ಟಿಯಿಂದ ತೆಗೆದು, ಒಂದರ ಮೇಲೊಂದು ಕೂಡದಂತೆ ಮೊರದಲ್ಲಿ ಅಥವಾ ಶುಭ್ರವಾದ ಬಟ್ಟೆಯ ಮೇಲೆ ಹರವಬೇಕು. ಪೂರ್ತಿ ಆರಿದ ಮೇಲೆ ತೆಳ್ಳನೆಯ ಬಟ್ಟೆ ಹೊದಿಸಿ ಬಿಸಿಲಿಗಿಡಬೇಕು. ಬೇಸಿಗೆಯಲ್ಲಿ ಒಂದು ಬಿಸಿಲು ಸಾಕು. ಬಿಸಿಲಿಲ್ಲದ ದಿನ ಅಡಿಗೆ ಮುಗಿದ ಒಲೆಯ ಮೇಲೆ ಹಂಚನ್ನು ಹಾಗೆಯೇ ಬಿಟ್ಟು, ಸಣ್ಣ ಕಾವಿನಲ್ಲಿ ಒಂದೊಂದೇ ರೊಟ್ಟಿಯನ್ನು ಬಟ್ಟೆಯ ಉಂಡೆಯಿಂದ ಒತ್ತುತ್ತ, ಮಗುಚುತ್ತ ಕಟಕಾಗಿಸಬೇಕು. ಕಾವು ಜೋರಾದರೆ ಮೇಲುಭಾಗ ಸೀದು ಒಳಗಿನ ತೇವ ಹಾಗೆಯೇ ಉಳಿಯುತ್ತದೆ. ಇಂತಹ ರೊಟ್ಟಿ ನೋಡಲು ಒಣಗಿದಂತಿದ್ದು ಡಬ್ಬಿಯಲ್ಲಿ ಕೆಡುತ್ತದೆ. ಒಲೆಯ ಗೋಡೆಗೆ ಸಾಲಾಗಿ ಒರಗಿಸಿ ನಿಲ್ಲಿಸುವ ಹಳೆಯ ಪದ್ಧತಿಯೂ ಒಳ್ಳೆಯದೇ, ಹೊಗೆ ತಾಕದಂತೆ ನೋಡಿಕೊಂಡರೆ ಸಾಕು.

ಒಣಗಿದೆಯೋ ಇಲ್ಲವೋ ಎಂದು ತಿಳಿಯಲು ರೊಟ್ಟಿಯ ನಡುಭಾಗವನ್ನು ಮುರಿಯಬೇಕು, ಅಂಚನ್ನಲ್ಲ. ಅಂಚು ಯಾವಾಗಲೂ ಮೊದಲೇ ಒಣಗಿರುತ್ತದೆ. ನಡುಭಾಗ ಬಾಗದೆ ಟಕ್ಕೆಂದು ಮುರಿದರೆ ಸರಿ. ಹೆಚ್ಚಿನ ಪ್ರಮಾಣದಲ್ಲಿ ಮಾಡುವವರು ತೂಕದಿಂದಲೂ ತಿಳಿಯಬಹುದು: ಒಂದು ಕಿಲೋ ತೂಗುವ 12 ಅಥವಾ 13 ಮೆತ್ತನೆಯ ರೊಟ್ಟಿ ಒಣಗಿದ ಮೇಲೆ ಮುಕ್ಕಾಲು ಕಿಲೋಗಿಂತ ಕಡಿಮೆಗೆ ಇಳಿದಿರಬೇಕು. ಆಗ ತೇವಾಂಶ ಶೇಕಡಾ 10ರ ಆಸುಪಾಸಿಗೆ ಬಂದಿರುತ್ತದೆ. ಆ ತೇವದಲ್ಲಿ ಬೂಷ್ಟು ಬೆಳೆಯಲಾರದು.

ಕಾಪಿಡುವುದು

ಒಣಗಿದ ರೊಟ್ಟಿಯನ್ನು ಬಿಸಿ ಇರುವಾಗಲೇ ಡಬ್ಬಿಗೆ ಹಾಕಿ ಮುಚ್ಚಿದರೆ ಒಳಗೆ ಬೆವರಿ ಮೊದಲಿನಂತೆ ಮೆತ್ತಗಾಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಈ ತೊಂದರೆ ಇನ್ನೂ ಹೆಚ್ಚು. ತಣ್ಣಗಾದ ನಂತರ ಬಿಗಿ ಮುಚ್ಚಳದ ತಗಡಿನ ಅಥವಾ ಸ್ಟೀಲಿನ ಡಬ್ಬಿಯಲ್ಲಿ ಜೋಡಿಸಿ ನೆಲದಿಂದ ಮೇಲೆ ಇಡಬೇಕು. ಬೇಸಿಗೆಯಲ್ಲಿ ಒಂದು ತಿಂಗಳು ನಿಶ್ಚಿಂತೆಯಿಂದ ಇರುತ್ತದೆ. ಮಳೆಗಾಲದಲ್ಲಿ 15 ದಿನಕ್ಕೊಮ್ಮೆ ಬಿಸಿಲು ಕಂಡಾಗ ತೆಗೆದು ಹರವಬೇಕು. ಹಿಟ್ಟಿಗೆ ಬೀಳುವ ಕೆಂಪು ಹುಳು ಒಣ ರೊಟ್ಟಿಗೂ ಬೀಳುತ್ತದೆ. ಡಬ್ಬಿಯ ತಳದಲ್ಲಿ ಪುಡಿ ಹೆಚ್ಚಾಗಿ ಕಂಡರೆ ಹುಳು ಸೇರಿದೆಯೆಂದು ತಿಳಿಯಬೇಕು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಕಾಳಿನ ಹಗೇವು ಮತ್ತು ಕಣಜಗಳಿಗೆ ಬಳಸುವ ಸೆಲ್ಫಾಸ್ ಮಾತ್ರೆಗಳನ್ನಾಗಲೀ ಬೇರೆ ಯಾವ ಕೀಟನಾಶಕದ ಪುಡಿಯನ್ನಾಗಲೀ ರೊಟ್ಟಿಯ ಡಬ್ಬಿಯ ಹತ್ತಿರ ಸಹ ತರಬಾರದು. ಆ ಮಾತ್ರೆಯಿಂದ ಹೊರಡುವ ಅನಿಲ ಜೀವ ತೆಗೆಯುವಂಥದು. ಬಿಸಿಲೊಂದೇ ರೊಟ್ಟಿಗೆ ತಕ್ಕ ಔಷಧ.

ಎಣ್ಣೆ ಹಚ್ಚಿದ ಗೋಧಿಯ ಚಪಾತಿ ಹೀಗೆ ಬಹುದಿನ ಇಡಲು ಬಾರದು. ಒಂದು ವಾರ ಹತ್ತು ದಿನದಲ್ಲಿ ಎಣ್ಣೆ ಕಮಟು ಹಿಡಿಯುತ್ತದೆ. ಸಜ್ಜೆಯಲ್ಲಿ ಕೊಬ್ಬಿನಂಶ ಜೋಳದ ಎರಡು ಪಟ್ಟಿಗೂ ಹೆಚ್ಚು, 100 ಗ್ರಾಮಿಗೆ ಸುಮಾರು 5 ಗ್ರಾಂ. ಆದುದರಿಂದಲೇ ಸಜ್ಜೆಯ ಹಿಟ್ಟು ಒಂದು ವಾರದೊಳಗೆ ಕಹಿಯಾಗುವುದು. ಆದರೆ ಬೇಯಿಸಿ ಒಣಗಿಸಿದ ಸಜ್ಜೆಯ ರೊಟ್ಟಿ ಅದರ ಹಿಟ್ಟಿಗಿಂತ ಹೆಚ್ಚು ದಿನ ತಾಳುತ್ತದೆ. ಕೊಬ್ಬನ್ನು ಒಡೆಯುವ ಕಿಣ್ವ ಹಂಚಿನ ಕಾವಿಗೆ ಸಾಯುವುದೇ ಇದಕ್ಕೆ ಕಾರಣ. ಭೋಗಿಯ ರೊಟ್ಟಿಯನ್ನು ಮುಂಚಿತವಾಗಿ ಮಾಡಿಡುವುದರ ಹಿಂದೆ ಇಷ್ಟು ಶಾಸ್ತ್ರ ಅಡಗಿದೆ.

ಅಡಿಗೆಯಲ್ಲಿ ಬಳಕೆ

ಹಿಂದಿನ ದಿನದ ಮೆತ್ತನೆಯ ರೊಟ್ಟಿಗೆ ಗಟ್ಟಿ ಮೊಸರು, ಶೇಂಗಾ ಚಟ್ನಿ, ಕೆಂಪು ಮೆಣಸಿನಕಾಯಿಯ ರಂಜಕ, ಒಂದು ಉಳ್ಳಾಗಡ್ಡಿ ಇದ್ದರೆ ಬೇರೆ ಏನೂ ಬೇಕಿಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಕುಡಿಯುವುದೂ ಇದೇ ಜಾತಿಯ ಊಟ. ಬಿಸಿ ರೊಟ್ಟಿಯಿಂದ ಮಾಡುವ ಮುಟಗಿಯನ್ನು ತಂಗಳು ರೊಟ್ಟಿಯಿಂದಲೂ ಮಾಡಬಹುದು. ಆದರೆ ಮೊದಲು ರೊಟ್ಟಿಯನ್ನು ನೀರು ಚಿಮುಕಿಸಿ ಹಂಚಿನ ಮೇಲೆ ಚೆನ್ನಾಗಿ ಬಿಸಿ ಮಾಡಿ, ಬಿಸಿ ಇರುವಾಗಲೇ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು ಕೂಡಿಸಿ ಒರಳಿನಲ್ಲಿ ಕುಟ್ಟಬೇಕು. ಮೇಲೆ ಎರಡು ಚಮಚ ಎಣ್ಣೆ ಅಥವಾ ತುಪ್ಪ ಹಾಕಿ ಮುಷ್ಟಿಯಲ್ಲಿ ಉಂಡೆ ಹಿಡಿಯುವುದು. ತಣ್ಣಗಿನ ರೊಟ್ಟಿ ಕುಟ್ಟಿದರೆ ಪುಡಿಯಾಗುತ್ತದೆಯೇ ಹೊರತು ಮುಟಗಿಯಾಗುವುದಿಲ್ಲ.

ಕಟಕ್ ರೊಟ್ಟಿಯ ಮಾತು ಬೇರೆ. ಅದನ್ನು ಬಿಸಿ ಮಾಡಿದರೆ ಮೆತ್ತಗಾಗುವುದಿಲ್ಲ, ನೀರು ಬೇಕೇ ಬೇಕು. ಎಷ್ಟು ನೀರು ಎಂಬುದರಲ್ಲಿಯೇ ಅಡಿಗೆಯ ರುಚಿ ಇದೆ.

ರೊಟ್ಟಿ ಚೂರಿನ ಒಗ್ಗರಣೆ: ನಾಲ್ಕು ಒಣ ರೊಟ್ಟಿಗಳನ್ನು ಅವಲಕ್ಕಿಗಿಂತ ತುಸು ದೊಡ್ಡದಾಗಿ ಮುರಿದುಕೊಳ್ಳಬೇಕು. ಅರ್ಧದಿಂದ ಮುಕ್ಕಾಲು ಬಟ್ಟಲು ಹುಳಿ ಮಜ್ಜಿಗೆಯನ್ನು ಮೂರು ಸಲ ಚಿಮುಕಿಸಿ ಕಲಸಿ 10 ನಿಮಿಷ ಮುಚ್ಚಿಡಬೇಕು. ಒಮ್ಮೆಲೇ ಸುರಿದರೆ ಮೇಲಿನ ಚೂರು ಒಣದಾಗಿಯೇ ಉಳಿದು ತಳದ ಚೂರು ಮುದ್ದೆಯಾಗುತ್ತದೆ. ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಒಂದು ಹಿಡಿ ಶೇಂಗಾ, ಮೂರು ನಾಲ್ಕು ಹಸಿಮೆಣಸಿನಕಾಯಿ, ಕರಿಬೇವು, ಹೆಚ್ಚಿದ ಎರಡು ಉಳ್ಳಾಗಡ್ಡಿ, ಅರಿಷಿಣ ಹಾಕಿ ಬಾಡಿಸಿ, ಚೂರು ಮತ್ತು ಉಪ್ಪು ಬೆರೆಸಿ ಸಣ್ಣ ಉರಿಯಲ್ಲಿ ಐದು ನಿಮಿಷ ಮುಚ್ಚಬೇಕು. ಜೋಳದ ರೊಟ್ಟಿಗೆ ಸಾಮಾನ್ಯವಾಗಿ ಉಪ್ಪು ಹಾಕಿರುವುದಿಲ್ಲವಾದ್ದರಿಂದ ಉಪ್ಪು ಉಪ್ಪಿಟ್ಟಿಗಿಂತ ಕಡಿಮೆಯಾಗಬಾರದು. ಕೊತ್ತಂಬರಿ, ಲಿಂಬೆಹಣ್ಣು ಇದ್ದರೆ ಮೇಲೆ. ಮೂರು ಜನರ ಬೆಳಗಿನ ಉಪಾಹಾರಕ್ಕೆ ಇಷ್ಟು ಸಾಕು.

ಬೇಳೆಯಲ್ಲಿ ಕುದಿಸಿದ ರೊಟ್ಟಿ: ಇದು ಊಟದ ಹೊತ್ತಿಗೆ ತಕ್ಕದ್ದು, ಪೌಷ್ಟಿಕತೆಯ ದೃಷ್ಟಿಯಿಂದ ಎಲ್ಲಕ್ಕಿಂತ ಉತ್ತಮ. ಜೋಳದ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಬೇಳೆಕಾಳುಗಳಲ್ಲಿ ಅದು ಧಾರಾಳವಾಗಿರುವುದರಿಂದ ಎರಡೂ ಕೂಡಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಒಂದು ಬಟ್ಟಲು ತೊಗರಿ ಬೇಳೆಯನ್ನು ಬೇಯಿಸಿ ನಾಲ್ಕೈದು ಬಟ್ಟಲು ನೀರು ಸೇರಿಸಿ ತೆಳ್ಳಗೆ ಮಾಡಿ, ಹುಣಸೆಹುಳಿ, ಬೆಲ್ಲದ ಚೂರು, ಮಸಾಲೆ ಖಾರ, ಉಪ್ಪು ಹಾಕಿ ಕುದಿಸಬೇಕು. ಒಂದು ಸಿವುಡು ಮೆಂತ್ಯ ಅಥವಾ ರಾಜಗಿರಿ ಸೊಪ್ಪನ್ನು ಹೆಚ್ಚಿ ಹಾಕಿ, ಅದು ಬೆಂದ ಮೇಲೆ ಅಂಗೈ ಅಗಲದ ತುಂಡುಗಳಾಗಿ ಮುರಿದ ಮೂರು ಒಣ ರೊಟ್ಟಿಗಳನ್ನು ಬಿಟ್ಟು ಐದಾರು ನಿಮಿಷ ಕುದಿಸಿ ಬೆಳ್ಳುಳ್ಳಿಯ ಒಗ್ಗರಣೆ ಕೊಡಬೇಕು. ತಡ ಮಾಡಿದರೆ ತುಂಡು ಕರಗಿ ಅಂಬಲಿಯಾಗುತ್ತದೆ. ಹಲ್ಲಿಲ್ಲದ ಹಿರಿಯರಿಗೆ ಅದೇ ಅನುಕೂಲ.

ಒಣ ರೊಟ್ಟಿಯನ್ನು ಕುಟ್ಟಿ ಅಥವಾ ಮಿಕ್ಸರಿನಲ್ಲಿ ಪುಡಿ ಮಾಡಿ ಜರಡಿ ಹಿಡಿದಿಟ್ಟುಕೊಂಡರೆ ಬಹಳ ಕೆಲಸಕ್ಕೆ ಬರುತ್ತದೆ. ಈ ಪುಡಿ ಈಗಾಗಲೇ ಬೆಂದದ್ದು. ಎರಡು ಮೂರು ಚಮಚ ಪುಡಿಯನ್ನು ಬಿಸಿ ನೀರಿನಲ್ಲಿ ಒಂದು ಕುದಿ ಬರಿಸಿ ಆರಿಸಿ ಮಜ್ಜಿಗೆ, ಜೀರಿಗೆ, ಉಪ್ಪು ಕೂಡಿಸಿದರೆ ಬಿಸಿಲಿಗೆ ಹೊಲದಿಂದ ಬಂದವರಿಗೆ ಕುಡಿಯಲು ತಯಾರು. ಮಕ್ಕಳಿಗೆ ಉಂಡೆ ಕಟ್ಟಬಹುದು: ಪುಡಿ ಎರಡು ಬಟ್ಟಲು, ಹುರಿದು ಕುಟ್ಟಿದ ಶೇಂಗಾ ಒಂದು ಬಟ್ಟಲು, ಹೆರೆದ ಬೆಲ್ಲ ಒಂದು ಬಟ್ಟಲು, ಎರಡು ಮೂರು ದೊಡ್ಡ ಚಮಚ ತುಪ್ಪ, ಏಲಕ್ಕಿ. ಬೆಲ್ಲ ಮತ್ತು ಶೇಂಗಾವನ್ನು ಪುಡಿಯೊಂದಿಗೆ ಒರಳಿನಲ್ಲಿ ಕುಟ್ಟಿದಾಗ ಶೇಂಗಾದ ಎಣ್ಣೆ ಬಿಟ್ಟು ಉಂಡೆ ತಾನಾಗಿ ಕೂಡುತ್ತದೆ, ಪಾಕದ ತೊಂದರೆ ಇಲ್ಲ. ಶೇಂಗಾ ಮಾತ್ರ ಆರಿಸಿದ್ದಾಗಿರಬೇಕು; ಸುಕ್ಕಿದ, ಬಣ್ಣಗೆಟ್ಟ ಕಾಳು ಹಾಕಬಾರದು. ಉಳಿದ ಚಪಾತಿಗೆ ಮಾಲದಿಯೇ ಸರಿ: ಕೈಯಿಂದ ತಿಕ್ಕಿ ಪುಡಿ ಮಾಡಿ, ಬೆಲ್ಲ, ತುಪ್ಪ, ಏಲಕ್ಕಿ ಕೂಡಿಸಿ ಅದೇ ದಿನ ತಿಂದು ಮುಗಿಸುವುದು.

ಡಬಲ್ ರೊಟ್ಟಿ ಈಗ ಹಳ್ಳಿಯ ಅಂಗಡಿಗಳಿಗೂ ಬಂದಿದೆ. ಪೊಟ್ಟಣ ಒಡೆದ ಮೇಲೆ ಉಳಿಯುವ ತುಂಡುಗಳನ್ನು ಹಂಚಿನ ಮೇಲೆ ಸಣ್ಣ ಕಾವಿನಲ್ಲಿ ಗರಿಗರಿಯಾಗಿಸಿದರೆ ರಸ್ಕಿನಂತಾಗುತ್ತವೆ. ಕುಟ್ಟಿದ ಪುಡಿ ವಡೆ, ಕಟ್ಲೆಟ್ಟುಗಳ ಹಿಟ್ಟು ಸಡಿಲವಾದಾಗ ಬಿಗಿ ಮಾಡಲು ಬರುತ್ತದೆ. ಇದಕ್ಕಿಂತ ಹೆಚ್ಚಿನ ವಿಸ್ತಾರ ಬೇಕಿಲ್ಲ. ಬ್ರೆಡ್ಡನ್ನು ಬೇಕಾದಷ್ಟೇ ತರಬಹುದು, ರೊಟ್ಟಿಯನ್ನು ಬಡಿಯುವಾಗ ಹಾಗೆ ಎಣಿಸಲಾಗದು.

ರೊಟ್ಟಿ ಮಾಡಿ ಮಾರುವ ಮಹಿಳಾ ಸಂಘಗಳಿಗೂ ಚೂರಿನ ಪ್ರಶ್ನೆ ಇದೆ. ಕಲಬುರಗಿ ಜಿಲ್ಲೆಯ ಮಹಿಳೆಯರು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಜೋಳದ ರೊಟ್ಟಿಯನ್ನು ಮಾರುಕಟ್ಟೆಗೆ ತಂದಿದ್ದು, 2025ರಲ್ಲಿ ದಿನಕ್ಕೆ 3,000ಕ್ಕೂ ಮೇಲ್ಪಟ್ಟು ರೊಟ್ಟಿಗಳು ತಯಾರಾಗುತ್ತಿದ್ದುದು ವರದಿಯಾಗಿತ್ತು. ಕಟಕ್ ರೊಟ್ಟಿಯನ್ನು ಕಟ್ಟುವಾಗ, ಸಾಗಿಸುವಾಗ ಒಂದಿಷ್ಟು ಮುರಿಯುವುದು ಅನಿವಾರ್ಯ. ಮುರಿದದ್ದನ್ನು ಅದೇ ದಿನ ಚೂರು ಅಥವಾ ಪುಡಿ ಮಾಡಿ, ತಯಾರಿಸಿದ ತಾರೀಖು ಬರೆದು ಸಣ್ಣ ಪೊಟ್ಟಣಗಳಲ್ಲಿ ಕಟ್ಟಿದರೆ ಅದೂ ಮಾರಾಟದ ವಸ್ತುವೇ. ಮಾರುವವರು 2006ರ ಆಹಾರ ಸುರಕ್ಷತೆ ಕಾಯಿದೆಯ ಪ್ರಕಾರ ನೋಂದಣಿ ಮಾಡಿಸಿರಬೇಕು. ಗ್ರಾಹಕರಿಂದ ಹಿಂದಿರುಗಿದ ಅಥವಾ ತೇವ ತಾಕಿದ ರೊಟ್ಟಿಯನ್ನು ಚೂರಿಗೆ ಬೆರೆಸುವುದು ಸಲ್ಲದು.

ಬೂಷ್ಟು ಹಿಡಿದದ್ದನ್ನು ಉಳಿಸಬಾರದು

ಮಿತವ್ಯಯಕ್ಕೂ ಒಂದು ಮಿತಿ ಇದೆ. ಬೂಷ್ಟು ಕಂಡ ಭಾಗವನ್ನು ಚಿವುಟಿ ತೆಗೆದು ಉಳಿದದ್ದನ್ನು ಬಿಸಿ ಮಾಡಿ ತಿನ್ನುವುದು ಅನೇಕ ಮನೆಗಳಲ್ಲಿ ನಡೆಯುತ್ತದೆ. ಕಣ್ಣಿಗೆ ಕಾಣುವ ಹಸುರು, ಕಪ್ಪು, ಬಿಳಿ ಚುಕ್ಕೆ ಬೂಷ್ಟಿನ ಮೇಲುಭಾಗ ಮಾತ್ರ. ಅದರ ಎಳೆಗಳು ಮೆತ್ತನೆಯ ರೊಟ್ಟಿ, ಬ್ರೆಡ್ಡುಗಳ ಒಳಗೆ ಕಾಣದಂತೆ ಹಬ್ಬಿರುತ್ತವೆ. ಕೆಲವು ಬೂಷ್ಟುಗಳು ಉಂಟುಮಾಡುವ ವಿಷ ಹಂಚಿನ ಕಾವಿಗೆ ನಾಶವಾಗುವುದಿಲ್ಲ.

ಈ ವಿಷಯ ಜಗತ್ತಿನ ಗಮನಕ್ಕೆ ಬಂದದ್ದು 1960ರಲ್ಲಿ. ಆ ವರ್ಷ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತವು. ಅದಕ್ಕೆ ಕಾರಣವಾದ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರು. ನಮ್ಮ ದೇಶದಲ್ಲಿಯೇ 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಹಳ್ಳಿಗಳಲ್ಲಿ ಮಳೆಗೆ ನೆಂದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದವರಿಗೆ ಕಾಮಾಲೆ ಕಾಣಿಸಿಕೊಂಡು ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ನಮಗೆ ಇನ್ನೂ ಸಮೀಪದ ನಿದರ್ಶನವೆಂದರೆ 1995ರದು. ಆ ವರ್ಷ ದಖ್ಖನ್ ಪ್ರಸ್ಥಭೂಮಿಯ ಹಲವು ಹಳ್ಳಿಗಳಲ್ಲಿ ಅಕಾಲ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಜೋಳ, ಮೆಕ್ಕೆಜೋಳಗಳ ರೊಟ್ಟಿ ತಿಂದವರಿಗೆ ಹೊಟ್ಟೆನೋವು, ಹೊಟ್ಟೆ ಗುಡುಗುಡು, ಭೇದಿ ಆದವು. ಕಾಳಿನಲ್ಲಿ ಫ್ಯುಮೋನಿಸಿನ್ ಎಂಬ ಬೇರೆ ಬೂಷ್ಟು ವಿಷ ಸಿಕ್ಕಿತು. ಇವೆರಡರಲ್ಲೂ ಕೆಟ್ಟದ್ದು ಕಾಳು, ಉಳಿದ ರೊಟ್ಟಿಯಲ್ಲ ಎಂಬುದು ನಿಜ. ಆದರೆ ಎಸರು, ಹಂಚು, ಬೆಂಕಿ ಇಷ್ಟೆಲ್ಲ ದಾಟಿಯೂ ವಿಷ ಉಳಿಯಿತು ಎಂಬುದನ್ನು ಗಮನಿಸಬೇಕು. ಮುಂಗಾರಿ ಜೋಳ ಬೆಳೆಯುವವರಿಗೆ ಈ ಕಷ್ಟ ಹೊಸದಲ್ಲ. 1964ರಲ್ಲಿ ಬಂದ ಸಿ.ಎಸ್.ಎಚ್.-1 ಮತ್ತು ಅದರ ನಂತರದ ಬೇಗ ಮಾಗುವ ಸಂಕರಣ ತಳಿಗಳ ತೆನೆ ಮಳೆಯಲ್ಲಿಯೇ ಮಾಗಿ ಕಾಳು ಕಪ್ಪಾಗುತ್ತಿದ್ದುದು ಹಿರಿಯ ರೈತರಿಗೆ ನೆನಪಿರಬಹುದು.

ಆದುದರಿಂದ ಬೂಷ್ಟು ಒಂದು ಚುಕ್ಕೆ ಕಂಡರೂ ಆ ರೊಟ್ಟಿಯನ್ನು ಪೂರ್ತಿ ಬಿಡಬೇಕು. ಅದಕ್ಕೆ ತಾಗಿಕೊಂಡಿದ್ದ ಮೆತ್ತನೆಯ ರೊಟ್ಟಿಗಳನ್ನೂ ಬಿಡುವುದು ಕ್ಷೇಮ. ಮನುಷ್ಯರಿಗೆ ಬೇಡವಾದದ್ದು ದನಕ್ಕಾದರೂ ಆಗಲಿ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಕರೆಯುವ ಆಕಳು, ಎಮ್ಮೆಗಳು ಅಫ್ಲಾಟಾಕ್ಸಿನ್ ಇರುವ ಮೇವು ತಿಂದರೆ ಅದರ ಒಂದಂಶ ಹಾಲಿನಲ್ಲಿ ಇಳಿಯುತ್ತದೆ. ಆ ಹಾಲನ್ನು ಕುಡಿಯುವವರು ಮನೆಯ ಮಕ್ಕಳೇ.

ದನಕರುಗಳಿಗೆ ಎಷ್ಟು?

ಒಳ್ಳೆಯ ಒಣ ರೊಟ್ಟಿ ದನಗಳಿಗೆ ದಾಣಿಯ ಒಂದು ಭಾಗವಾಗಿ ಹೊಂದುತ್ತದೆ. ಬೆಳೆದ ಆಕಳಿಗೆ ದಿನಕ್ಕೆ ಒಂದು ಕಿಲೋ ಮೀರದಂತೆ, ಚೂರು ಮಾಡಿ, ಹಿಂಡಿ ಬೂಸಾದೊಂದಿಗೆ ಬೆರೆಸಿ ಎರಡು ಹೊತ್ತಿಗೆ ಹಂಚಿ ಕೊಡಬೇಕು. ರೊಟ್ಟಿ ಕೊಟ್ಟಷ್ಟು ದಾಣಿಯನ್ನು ಕಡಿಮೆ ಮಾಡಬೇಕೇ ಹೊರತು ಮೇವನ್ನಲ್ಲ. ಮೊದಲ ದಿನ ಎರಡು ರೊಟ್ಟಿಯಿಂದ ಆರಂಭಿಸಿ ಒಂದು ವಾರ ಹತ್ತು ದಿನಗಳಲ್ಲಿ ಈ ಪ್ರಮಾಣಕ್ಕೆ ಬರಬೇಕು. ಮೂರು ತಿಂಗಳೊಳಗಿನ ಕರುಗಳಿಗೆ ಬೇಡ. ಕೋಳಿಗಳಿಗೆ ಸಣ್ಣ ಪುಡಿಯನ್ನು ಬೇರೆ ಆಹಾರದೊಂದಿಗೆ ಸ್ವಲ್ಪ ಕೊಡಬಹುದು. ಖಾರ, ಉಪ್ಪು, ಎಣ್ಣೆ ಸೋಕಿದ ಊಟದ ಎಲೆಯ ಉಳಿಕೆ ಇದರಲ್ಲಿ ಸೇರುವುದಿಲ್ಲ.

ಅಪಾಯ ಬರುವುದು ಮದುವೆ, ಜಾತ್ರೆ, ಗೃಹಪ್ರವೇಶಗಳ ಮರುದಿನ. ಉಳಿದ ರೊಟ್ಟಿ, ಅನ್ನ, ಹುಗ್ಗಿಗಳನ್ನು ಹಿತ್ತಲಲ್ಲಿ ರಾಶಿ ಹಾಕುತ್ತಾರೆ. ಹಗ್ಗ ಬಿಚ್ಚಿಕೊಂಡ ಆಕಳು ಬಂದು ಹೊಟ್ಟೆ ಬಿರಿಯುವಂತೆ ತಿನ್ನುತ್ತದೆ. ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿದ್ದು, ಅವು ಮೇವಿನ ನಾರನ್ನು ನಿಧಾನವಾಗಿ ಕರಗಿಸಲು ಹೊಂದಿಕೊಂಡಿರುತ್ತವೆ. ಬೇಯಿಸಿದ ಪಿಷ್ಟ ಒಮ್ಮೆಲೇ ರಾಶಿ ಬಿದ್ದರೆ ಬೇರೆ ಜಾತಿಯ ಜೀವಿಗಳು ಮೇಲುಗೈ ಪಡೆದು ಲ್ಯಾಕ್ಟಿಕ್ ಆಮ್ಲವನ್ನು ತಯಾರಿಸತೊಡಗುತ್ತವೆ. ಹೊಟ್ಟೆಯ ಗೋಡೆ ಸುಟ್ಟಂತಾಗುತ್ತದೆ, ಮೈಯ ನೀರು ಹೊಟ್ಟೆಗೆ ಇಳಿಯುತ್ತದೆ, ಆಮ್ಲ ರಕ್ತಕ್ಕೆ ಸೇರುತ್ತದೆ. 12ರಿಂದ 36 ಗಂಟೆಗಳಲ್ಲಿ ಲಕ್ಷಣಗಳು ತೋರುತ್ತವೆ: ಮೆಲುಕು ನಿಲ್ಲುವುದು, ಎಡ ಹೊಟ್ಟೆ ತುಂಬಿ ಬಿಗಿದುಕೊಳ್ಳುವುದು, ಹುಳಿ ವಾಸನೆಯ ನೀರು ಸಗಣಿ, ಕಣ್ಣು ಒಳಗೆ ಹೋಗುವುದು, ಕುಡಿದವರಂತೆ ತೂರಾಡುವುದು, ಕೊನೆಗೆ ಏಳಲಾರದೆ ಮಲಗುವುದು. ಮಲಗಿದ ಆಕಳು ಬದುಕುವುದು ಕಷ್ಟ.

ತಿಂದದ್ದು ಗೊತ್ತಾದ ಕೂಡಲೇ, ಲಕ್ಷಣಕ್ಕಾಗಿ ಕಾಯದೆ, ಪಶುವೈದ್ಯರಿಗೆ ತಿಳಿಸಬೇಕು. ಸುಮಾರು ಎಷ್ಟು ತಿಂದಿದೆ, ಎಷ್ಟು ಹೊತ್ತಿಗೆ ತಿಂದಿದೆ ಎಂಬುದನ್ನು ಹೇಳಿದರೆ ಚಿಕಿತ್ಸೆ ಸುಲಭ. ಅಲ್ಲಿಯವರೆಗೆ ದಾಣಿ ಪೂರ್ತಿ ನಿಲ್ಲಿಸಿ, ಒಣ ಕಣಿಕೆ ಅಥವಾ ಒಣ ಹುಲ್ಲನ್ನು ಮುಂದಿಟ್ಟು, ನಿಧಾನವಾಗಿ ಅಡ್ಡಾಡಿಸಬೇಕು. ಅಡಿಗೆ ಸೋಡಾ ಕರಗಿಸಿ ಕುಡಿಸುವುದುಂಟು. ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ಕೊಡಬೇಕು. ಮಲಗಿದ ಅಥವಾ ತಲೆ ಇಳಿಬಿಟ್ಟ ದನಕ್ಕೆ ಗೊಟ್ಟದಿಂದ ಏನನ್ನೂ ಕುಡಿಸಬಾರದು, ಅದು ಶ್ವಾಸಕೋಶಕ್ಕೆ ಹೋಗುವ ಸಂಭವ ಹೆಚ್ಚು.

ಕಾರ್ಯದ ಮನೆಯವರು ಉಳಿಕೆಯನ್ನು ಅದೇ ರಾತ್ರಿ ವಿಲೇವಾರಿ ಮಾಡುವುದು ಉತ್ತಮ. ಒಳ್ಳೆಯ ರೊಟ್ಟಿಯನ್ನು ಓಣಿಯವರಿಗೆ ಹಂಚಿ, ಮಿಕ್ಕದ್ದನ್ನು ಒಣಗಲು ಹರವಬೇಕು. ಕೆಟ್ಟದ್ದು, ಬೂಷ್ಟು ಹಿಡಿದದ್ದು ಕಾಂಪೋಸ್ಟ್ ಗುಂಡಿಗೆ ಹೋಗಬೇಕು, ಅದೂ ಮೇಲಕ್ಕೆ ಎಸೆದಲ್ಲ: ಗುಂಡಿಯ ನಡುವೆ ತೋಡಿ ಹಾಕಿ, ಸಗಣಿ ರಾಡಿ ಸುರಿದು, ಅರ್ಧ ಅಡಿ ಮಣ್ಣು ಕಸ ಮುಚ್ಚಿದರೆ ನಾಯಿ, ದನಗಳು ಕೆದರುವುದಿಲ್ಲ. ಗೋಬರ್ ಗ್ಯಾಸ್ ಸ್ಥಾವರ ಇರುವವರು ಕೆಟ್ಟ ರೊಟ್ಟಿಯನ್ನು ನೀರಿನಲ್ಲಿ ನೆನೆಸಿ ಕಿವುಚಿ, ದಿನದ ಸಗಣಿಯೊಂದಿಗೆ ಒಂದೆರಡು ಹಿಡಿಯಂತೆ ಕೂಡಿಸಬಹುದು. ಬುಟ್ಟಿಗಟ್ಟಲೆ ಸುರಿದರೆ ಸ್ಥಾವರಕ್ಕೂ ಆಕಳ ಹೊಟ್ಟೆಗೆ ಬಂದ ರೋಗವೇ ಬರುತ್ತದೆ. ರಾಡಿ ಹುಳಿಯಾಗಿ ಅನಿಲ ನಿಂತುಹೋಗುತ್ತದೆ. ಹಾಗಾದಾಗ ಕೆಲವು ದಿನ ರೊಟ್ಟಿ, ಅನ್ನ ಏನೂ ಹಾಕದೆ ಬರೀ ಸಗಣಿ ನೀರನ್ನು ಸ್ವಲ್ಪ ಸ್ವಲ್ಪವಾಗಿ ಕೊಡುತ್ತ ಬಂದರೆ ಸ್ಥಾವರ ಸುಧಾರಿಸುತ್ತದೆ.